ತಂಬೂರಿ ಹಿಡಿದವರ ಹೆಸರನ್ನು ಎಲ್ಲಿ ಬರೆಯಬೇಕು?

ಸರಸ್ವತಿಪುರಂ ನಿವಾಸಿ:

ಬೇಸ್‌ಬಾಲ್ ಆಟದ ಲೆಕ್ಕದ ಪುಸ್ತಕದಲ್ಲಿರುವ ಒಂದು ಅಂಕಣದ ಬಗ್ಗೆ ಇಲ್ಲಿನ ಸಂಗೀತಾಸಕ್ತರ ಮತ್ತು ಸಿನಿಮಾಪ್ರಿಯರ ಅಭಿಪ್ರಾಯವನ್ನು ಕೇಳಬೇಕೆಂದಿದ್ದೇನೆ. ಆಟ ದೂರದ್ದು, ಪ್ರಶ್ನೆ ಮಾತ್ರ ನಮ್ಮ ಮೈಸೂರಿನದೇ.

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ಮೊಮ್ಮಗನ ಪಕ್ಕದಲ್ಲಿ ಕುಳಿತು ನಾನು ಈ ಆಟವನ್ನು ನೋಡುತ್ತೇನೆ. ಆಟ ನಡೆಯುತ್ತಿದ್ದಂತೆಯೇ ಪ್ರತಿಯೊಂದನ್ನೂ ಪೆನ್ಸಿಲಿನಲ್ಲಿ ಪುಸ್ತಕಕ್ಕೆ ಇಳಿಸುತ್ತಾ ಹೋಗುವ ಹುಡುಗ ಅವನು. ಈ ಲೆಕ್ಕ ಬರೆಯುವ ಪದ್ಧತಿಗೆ ರೂಪ ಕೊಟ್ಟವರಲ್ಲಿ ಮುಖ್ಯನಾದ ಹೆನ್ರಿ ಚಾಡ್ವಿಕ್ ಎಂಬಾತ ಇಂಗ್ಲೆಂಡಿನಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಕ್ರಿಕೆಟ್ ವರದಿಗಾರನಾಗಿದ್ದವನು ಎಂಬುದನ್ನು ತಿಳಿದಾಗ ನನಗೆ ಈ ಆಟ ಸ್ವಲ್ಪ ಹತ್ತಿರವಾಯಿತು. ಒಂಬತ್ತು ಮಂದಿ ಆಟಗಾರರು, ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ನಲ್ಲಿ ಒಂದು ತಂಡಕ್ಕೆ ಮೂರು ಔಟ್. ಇಷ್ಟು ತಿಳಿದರೆ ಮುಂದಿನದನ್ನು ನೋಡುತ್ತಾ ಕಲಿಯಬಹುದು.

ನಾನು ಹೇಳುತ್ತಿರುವ ಅಂಕಣ ಸ್ಯಾಕ್ರಿಫೈಸ್ ಬಂಟ್‌ಗೆ ಸೇರಿದ್ದು. ರನ್ ಗಳಿಸಲು ಓಟಗಾರ ಒಂದೊಂದಾಗಿ ದಾಟಬೇಕಾದ ನೆಲೆಗಳಿಗೆ ಬೇಸ್ ಎನ್ನುತ್ತಾರೆ. ತನ್ನ ತಂಡದವನೊಬ್ಬ ಮೊದಲ ಬೇಸ್‌ನಲ್ಲಿ ನಿಂತಿರುವಾಗ, ಬ್ಯಾಟ್ ಹಿಡಿದವನು ಚೆಂಡನ್ನು ಬೀಸಿ ಹೊಡೆಯುವುದಿಲ್ಲ. ಬ್ಯಾಟನ್ನು ಅಡ್ಡಲಾಗಿ ಹಿಡಿದು, ಚೆಂಡು ಎದುರಿಗೆ ಮೆಲ್ಲನೆ ಉರುಳುವಂತೆ ಮಾಡುತ್ತಾನೆ. ಎದುರಾಳಿಗಳು ಅದನ್ನು ಎತ್ತಿಕೊಂಡು ಎಸೆದು ಅವನನ್ನು ಔಟ್ ಮಾಡುವಷ್ಟರಲ್ಲಿ, ಮೊದಲ ಬೇಸ್‌ನಲ್ಲಿದ್ದವನು ಎರಡನೆಯದನ್ನು ತಲುಪಿರುತ್ತಾನೆ. ಔಟಾಗುತ್ತೇನೆಂದು ತಿಳಿದೇ ಆಡುವ ಆಟ ಇದು. ಪುಸ್ತಕದಲ್ಲಿ ಇದನ್ನು ವಿಫಲತೆಯೆಂದು ಬರೆಯುವುದಿಲ್ಲ. ಆ ಸರದಿಯನ್ನು ಅವನ ಬ್ಯಾಟಿಂಗ್ ಸರಾಸರಿಗೆ ಸೇರಿಸದೆ, ಬೇರೆ ಗುರುತು ಹಾಕಿ, ಅವನ ಹೆಸರಿನ ಮುಂದೆಯೇ ಪ್ರತ್ಯೇಕವಾಗಿ ಎಣಿಸುತ್ತಾರೆ. ಎಡ್ಡಿ ಕಾಲಿನ್ಸ್ ಎಂಬ ಆಟಗಾರ 1906ರಿಂದ 1930ರವರೆಗೆ ಆಡಿ 512 ಬಾರಿ ಹೀಗೆ ಮಾಡಿದ್ದನೆಂಬುದು ಇಂದಿಗೂ ದಾಖಲೆಯಲ್ಲಿದೆ. ಆ ಸಂಖ್ಯೆಯನ್ನು 2003ರಲ್ಲಿ ದಾಟಿದವನು ಜಪಾನಿನ ಯೊಮಿಯುರಿ ಜೈಂಟ್ಸ್ ತಂಡದ ಮಸಾಹಿರೊ ಕವಾಯಿ. ಅವನ ಒಟ್ಟು ಲೆಕ್ಕ 533. ಗೆದ್ದವರ ಹೆಸರುಗಳಿಂದಲೇ ತುಂಬಿರುವ ಒಂದು ಪುಸ್ತಕ, ಇನ್ನೊಬ್ಬರನ್ನು ಮುಂದಕ್ಕೆ ದಾಟಿಸಿದವರ ಹೆಸರನ್ನು ಇಷ್ಟು ಶ್ರದ್ಧೆಯಿಂದ ಕಾದಿಟ್ಟಿದೆ ಎಂಬುದು ನನ್ನನ್ನು ಆಳವಾಗಿ ತಟ್ಟಿತು.

ನನ್ನ ಪತ್ನಿ ಅನೇಕ ವರ್ಷಗಳಿಂದ ಕಚೇರಿಗಳಲ್ಲಿ ತಂಬೂರಿ ಹಿಡಿದು ಕುಳಿತವಳು. ಆಹ್ವಾನ ಪತ್ರಿಕೆಯಲ್ಲಿ ಗಾಯಕರ ಹೆಸರಿರುತ್ತದೆ, ಪಿಟೀಲು, ಮೃದಂಗ, ಘಟದವರ ಹೆಸರಿರುತ್ತದೆ. ಕೊನೆಯಲ್ಲಿ ಶಾಲು ಹೊದಿಸುವಾಗ ಧ್ವನಿವರ್ಧಕದವರನ್ನೂ ಸ್ಮರಿಸುತ್ತಾರೆ. ತಂಬೂರಿಯವರ ಹೆಸರು ಬಂದದ್ದನ್ನು ನಾನು ಕಂಡದ್ದು ತೀರ ಅಪರೂಪ. ಇದು ಒಂದು ಸಭೆಯ ಮೇಲಿನ ದೂರಲ್ಲ, ನಮ್ಮೆಲ್ಲರ ರೂಢಿ. ಆದ್ದರಿಂದ ಕೇಳುತ್ತಿದ್ದೇನೆ: ನಮ್ಮ ಸಂಗೀತದಲ್ಲಿ, ಸಿನಿಮಾದಲ್ಲಿ, ಮನೆಯಲ್ಲಿ ಇಂಥ ಅಂಕಣವೊಂದು ಎಲ್ಲಾದರೂ ಇದೆಯೇ? ಇಲ್ಲದಿದ್ದರೆ ಅದನ್ನು ಹೇಗೆ ತೆರೆಯಬೇಕು?

ಶಿವರಾಂಪೇಟೆಯ ಚಿತ್ರರಸಿಕ:

ಸರ್, ತಾವು ಕೇಳಿದ ಪ್ರಶ್ನೆಗೆ ನಮ್ಮ ಬಡಾವಣೆಯಲ್ಲಿಯೇ ಒಂದು ಹಳೆಯ ಉತ್ತರವಿದೆ. ರಾಜನ್–ನಾಗೇಂದ್ರ ಸಹೋದರರು ಶಿವರಾಂಪೇಟೆಯ ಸಂಗೀತದ ಮನೆತನದವರು. 1950ರ ದಶಕದಲ್ಲಿ ಸಂಗೀತ ನಿರ್ದೇಶಕರಾಗಿ ಕಾಲಿಟ್ಟು ನೂರಾರು ಚಿತ್ರಗಳಿಗೆ ಸಂಗೀತ ಕೊಟ್ಟ ಅವರ ಹೆಸರನ್ನು ಅರಿಯದ ಕನ್ನಡಿಗರು ವಿರಳ. ಅವರ ತಂದೆ ರಾಜಪ್ಪನವರು ಹಾರ್ಮೋನಿಯಂ ಮತ್ತು ಕೊಳಲು ವಾದಕರು. ಮೂಕಿಚಿತ್ರಗಳು ನಡೆಯುವಾಗ ಚಿತ್ರಮಂದಿರದಲ್ಲಿಯೇ ಕುಳಿತು ನುಡಿಸುತ್ತಿದ್ದವರು. ತೆರೆಯ ಮೇಲೆ ದೃಶ್ಯ ಬದಲಾದಂತೆ ರಾಗವನ್ನು ಬದಲಿಸುತ್ತಾ, ಇಡೀ ಪ್ರದರ್ಶನದುದ್ದಕ್ಕೂ ನುಡಿಸಬೇಕಾಗಿದ್ದ ಆ ಕಲಾವಿದರ ಹೆಸರನ್ನು ಆ ತೆರೆಯ ಮೇಲೆ ಬರೆಯಲು ಅವಕಾಶವೇ ಇರಲಿಲ್ಲ, ಏಕೆಂದರೆ ಚಿತ್ರ ಮಾಡಿದವರು ಒಂದು ಊರಿನಲ್ಲಿ, ನುಡಿಸುವವರು ಇನ್ನೊಂದು ಊರಿನಲ್ಲಿ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಬಂತು. ಮುಂದೆ ಆ ವೃತ್ತಿಯೇ ಮರೆಯಾಯಿತು. ರಾಜಪ್ಪನವರ ಹೆಸರು ನಮಗೆ ಉಳಿದದ್ದು ಮಕ್ಕಳು ಪ್ರಸಿದ್ಧರಾದುದರಿಂದ. ಅಂಥ ಮಕ್ಕಳಿಲ್ಲದ ವಾದಕರು ಎಷ್ಟು ಮಂದಿ ಇದ್ದರೋ!

ಹಳೆಯ ಚಿತ್ರಗಳಲ್ಲಿ ಒಂದು ಒಳ್ಳೆಯ ಕ್ರಮವಿತ್ತು. ಹೆಸರುಗಳೆಲ್ಲ ಆರಂಭದಲ್ಲಿಯೇ ಬರುತ್ತಿದ್ದವು. ಸಭಿಕರು ಕತೆಗಾಗಿ ಕಾಯುತ್ತಾ ಅವನ್ನು ಓದಲೇಬೇಕಾಗಿತ್ತು. ನಮ್ಮ ತಂದೆಯವರು ಛಾಯಾಗ್ರಾಹಕರ, ಸಂಕಲನಕಾರರ ಹೆಸರುಗಳನ್ನು ಗಟ್ಟಿಯಾಗಿ ಓದಿ ನಮಗೆ ಪರಿಚಯಿಸುತ್ತಿದ್ದರು. ಈಗ ಬಹುಪಾಲು ಹೆಸರುಗಳು ಕೊನೆಗೆ ಹೋಗಿವೆ. ಲೈಟ್‌ಮನ್‌ಗಳು, ಪ್ರೊಡಕ್ಷನ್ ಹುಡುಗರು, ಕೋರಸ್ ಹಾಡಿದವರು ತೆರೆಯ ಮೇಲೆ ಏರುತ್ತಿರುವಾಗ ಚಿತ್ರಮಂದಿರದ ದೀಪ ಹೊತ್ತಿರುತ್ತದೆ, ಜನ ಬಾಗಿಲ ಬಳಿ ಇರುತ್ತಾರೆ. ಮನೆಯ ಟಿವಿಯಲ್ಲಂತೂ ಆ ಪಟ್ಟಿಯನ್ನು ಮೂಲೆಗೆ ತಳ್ಳಿ ಮುಂದಿನ ಚಿತ್ರವನ್ನು ತೋರಿಸಿಬಿಡುತ್ತಾರೆ. ಅಂಕಣ ಇದೆ, ಓದುವವರಿಲ್ಲ.

ಬೇಸ್‌ಬಾಲ್ ವಿಷಯ ಬಂದಿರುವುದರಿಂದ ಇನ್ನೊಂದು ಮಾತು. 2008ರಲ್ಲಿ ನಮ್ಮ ದೇಶದಲ್ಲಿ ನಡೆದ ಟಿವಿ ಸ್ಪರ್ಧೆಯೊಂದರಲ್ಲಿ ಆಯ್ಕೆಯಾದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಎಸೆತಗಾರರು ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. ಅವರ ಕತೆಯನ್ನಾಧರಿಸಿ 2014ರಲ್ಲಿ ಬಂದ ‘ಮಿಲಿಯನ್ ಡಾಲರ್ ಆರ್ಮ್’ ಚಿತ್ರಕ್ಕೆ ಸಂಗೀತ ಕೊಟ್ಟವರು ಎ.ಆರ್. ರೆಹಮಾನ್. ತಮ್ಮ ಆಲ್ಬಮ್‌ಗಳ ಹೊದಿಕೆಯಲ್ಲಿ ವಾದ್ಯ ನುಡಿಸಿದವರ ಹೆಸರುಗಳನ್ನು ಅಚ್ಚು ಹಾಕಿಸುವ ರೂಢಿಯನ್ನು ಅವರು ಗಟ್ಟಿಯಾಗಿ ಬೆಳೆಸಿದರು. ಆ ಹೊದಿಕೆಗಳನ್ನು ಓದಿಯೇ ನಾನು ಎಷ್ಟೋ ಕೊಳಲು ವಾದಕರನ್ನು, ತಾಳವಾದ್ಯದವರನ್ನು ಗುರುತಿಸಲು ಕಲಿತೆ.

ಸಿನಿಮಾದ ಹಿಂದೆ ನಿಂತವರ ಮಾತು ಬಂದಾಗ ಮೈಸೂರಿನವರು 1989ರ ಫೆಬ್ರುವರಿ 8ನ್ನು ನೆನೆಯದೆ ಇರಲಾರರು. ಅಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ಧಾರಾವಾಹಿಯೊಂದರ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬದುಕುಳಿದ ನಾಯಕ ನಟರ ಹೆಸರು ಎಲ್ಲರಿಗೂ ನೆನಪಿದೆ. ಮಡಿದವರಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲವರು ನಮ್ಮ ಬೀದಿಯಲ್ಲಿ ಎಷ್ಟು ಮಂದಿ ಇದ್ದೇವೆ?

ಮಂಡ್ಯದ ಮೇಷ್ಟ್ರು:

ತಂಬೂರಿ ಹಿಂದೆ ಇರುವ ವಾದ್ಯ ಎಂಬ ಮಾತು ಸಭೆಯ ಕಚೇರಿಗೆ ಮಾತ್ರ ಸಲ್ಲುತ್ತದೆ ಎಂಬುದನ್ನು ನಮ್ಮ ಸೀಮೆಯವನಾಗಿ ಹೇಳಬೇಕು. ಮಳವಳ್ಳಿ ಕಡೆಯ ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ಹಾಡುವಾಗ ತಂಬೂರಿ ಇರುವುದು ಮುಂದಾಳಿನ ಕೈಯಲ್ಲಿ. ಕತೆ ಹೇಳುವವರೂ ಅವರೇ, ಶ್ರುತಿ ಹಿಡಿದವರೂ ಅವರೇ. ಊರವರು ಅವರನ್ನು ಕರೆಯುವುದೇ ತಂಬೂರಿಯವರೆಂದು. ಹಿಂದೆ ಕುಳಿತವರು ಸೊಲ್ಲು ಕೊಡುತ್ತಾರೆ, ಅಂದರೆ ಪಲ್ಲವಿಯನ್ನು ಮರಳಿ ಹಾಡುತ್ತಾರೆ. ಸೊಲ್ಲಿಲ್ಲದಿದ್ದರೆ ಇಡೀ ರಾತ್ರಿ ಹಾಡಲು ಯಾವ ಮುಂದಾಳಿಗೂ ಸಾಧ್ಯವಿಲ್ಲ, ಏಕೆಂದರೆ ಅವರು ಉಸಿರು ಎಳೆದುಕೊಳ್ಳುವುದೂ ಮುಂದಿನ ಸಾಲನ್ನು ನೆನೆಯುವುದೂ ಆ ಸೊಲ್ಲಿನ ಹೊತ್ತಿನಲ್ಲಿಯೇ. ಹಾಗಿದ್ದರೂ ಧ್ವನಿಮುದ್ರಿಕೆಗಳ ಮೇಲೆ ಇರುವುದು ಹೆಚ್ಚಾಗಿ ಮುಂದಾಳಿನ ಹೆಸರೊಂದೇ.

ಪಕ್ಕವಾದ್ಯದವರಿಗೆ ಮನ್ನಣೆಯೇ ಸಿಗಲಿಲ್ಲ ಎಂದೂ ಹೇಳಲಾಗದು. ತಿರುಮಕೂಡಲಿನ ಟಿ. ಚೌಡಯ್ಯನವರನ್ನು ನೋಡಿ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಅವರು ಪಿಟೀಲಿಗೆ ನಾಲ್ಕರ ಬದಲು ಏಳು ತಂತಿಗಳನ್ನು ಕಟ್ಟಿದ್ದು, ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ತಲುಪಲಿ ಎಂಬ ಕಾರಣಕ್ಕೆ. ಪಕ್ಕದಲ್ಲಿ ಕುಳಿತವರ ನಾದವೂ ಸಭೆಗೆ ಕೇಳಿಸಬೇಕೆಂದು ವಾದ್ಯವನ್ನೇ ಬದಲಿಸಿದ ಆ ಛಲಕ್ಕೆ 1957ರಲ್ಲಿ ಸಂಗೀತ ಕಲಾನಿಧಿ ಗೌರವವೂ ಬಂತು, ಅವರು ಗತಿಸಿದ ಮೇಲೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಎದ್ದು ನಿಂತಿತು. ಆಕಾಶವಾಣಿಯ ಉದ್ಘೋಷಕರು ಪ್ರತಿ ಕಚೇರಿಯ ಮೊದಲಿಗೂ ಕೊನೆಗೂ ಪಕ್ಕವಾದ್ಯದವರ ಹೆಸರನ್ನು ತಪ್ಪದೆ ಹೇಳುತ್ತಾ ಬಂದಿದ್ದಾರೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದವರು; ಅವರ ಊರಿನ ಕೇಳುಗರಿಗೆ ಈ ಸಂಪ್ರದಾಯದ ಬೆಲೆಯನ್ನು ನಾನು ವಿವರಿಸಬೇಕಿಲ್ಲ.

ನನಗೆ ಕಳವಳವಿರುವುದು ತಾವು ಕೊನೆಯಲ್ಲಿ ಹೇಳಿದ ಮನೆಯ ಬಗ್ಗೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ನಮ್ಮ ಗದ್ದೆಗಳಲ್ಲಿ ಪೈರು ನಾಟಿ ಮಾಡುವವರು, ಕಳೆ ಕೀಳುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ಪಹಣಿಯಲ್ಲಿರುವ ಹೆಸರು ಮಾತ್ರ ಸಾಮಾನ್ಯವಾಗಿ ಗಂಡಸರದು. ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಿಟ್ಟರೆ ಬೇಸರವಾಗುತ್ತದೆ. ಪಹಣಿಯಲ್ಲಿ ಹೆಸರು ಬಿಟ್ಟರೆ ಬ್ಯಾಂಕಿನಲ್ಲಿ ಬೆಳೆಸಾಲ ಸಿಗುವುದಿಲ್ಲ.

ಒಂಟಿಕೊಪ್ಪಲಿನ ವಿದ್ಯಾರ್ಥಿನಿ:

ನಾನು ಸಂಖ್ಯಾಶಾಸ್ತ್ರವನ್ನು ಓದುತ್ತಿದ್ದೇನೆ. ಬೇಸ್‌ಬಾಲ್ ನನಗೆ ಪರಿಚಯವಾದದ್ದು ಆ ದಾರಿಯಿಂದ. ಹಿರಿಯರು ಬರೆದ ಅಂಕಣದ ಬಗ್ಗೆ ಗೌರವವಿದ್ದೂ, ಅದರ ಮುಂದಿನ ಅಧ್ಯಾಯವನ್ನು ಇಲ್ಲಿ ಹೇಳದಿದ್ದರೆ ಚರ್ಚೆ ಅರ್ಧದಲ್ಲಿ ನಿಲ್ಲುತ್ತದೆ ಎಂದು ನನಗನ್ನಿಸುತ್ತದೆ.

ಪ್ರತಿ ಸರದಿಯನ್ನೂ ಇಷ್ಟು ಜಾಗ್ರತೆಯಿಂದ ಬರೆದಿಟ್ಟಿದ್ದರಿಂದಲೇ, ಆ ಬಂಟ್‌ನಿಂದ ತಂಡಕ್ಕೆ ನಿಜವಾಗಿ ಏನು ದೊರೆಯುತ್ತಿತ್ತು ಎಂಬುದನ್ನು ಮುಂದೆ ಲೆಕ್ಕ ಹಾಕಲು ಸಾಧ್ಯವಾಯಿತು. ಯಾರೂ ಔಟಾಗದೆ ಮೊದಲ ಬೇಸ್‌ನಲ್ಲಿ ಒಬ್ಬನಿರುವಾಗ, ಆ ಇನಿಂಗ್ಸ್ ಮುಗಿಯುವುದರೊಳಗೆ ತಂಡ ಸರಾಸರಿ ಸುಮಾರು 0.9 ರನ್ ಗಳಿಸುತ್ತದೆ. ಒಬ್ಬ ಔಟಾಗಿ, ಎರಡನೆಯ ಬೇಸ್‌ನಲ್ಲಿ ಒಬ್ಬನಿರುವಾಗ ಆ ನಿರೀಕ್ಷೆ ಸುಮಾರು 0.7ಕ್ಕೆ ಇಳಿಯುತ್ತದೆ. ಅಂದರೆ, ಬಂಟ್ ಅಂದುಕೊಂಡಂತೆಯೇ ನಡೆದರೂ ಸಾಮಾನ್ಯವಾಗಿ ತಂಡಕ್ಕೆ ನಷ್ಟವೇ. ಆಟದ ಕೊನೆಯ ಹಂತದಲ್ಲಿ ಒಂದೇ ಒಂದು ರನ್ ಸಾಕೆಂಬಂಥ ಸಂದರ್ಭದಲ್ಲಿ ಅಥವಾ ಬ್ಯಾಟ್ ಹಿಡಿದವನು ತೀರ ದುರ್ಬಲನಾಗಿದ್ದಾಗ ಮಾತ್ರ ಅದರಿಂದ ಪ್ರಯೋಜನ. ಓಕ್‌ಲ್ಯಾಂಡ್ ತಂಡದ 2002ರ ಆಟದ ಕತೆಯನ್ನು ಹೇಳುವ ‘ಮನಿಬಾಲ್’ ಚಿತ್ರ 2011ರಲ್ಲಿ ಬಂತು. ಬಂಟ್ ಮಾಡುವುದನ್ನು ಬಹುಮಟ್ಟಿಗೆ ಕೈಬಿಟ್ಟ ತಂಡ ಅದು. ಅನಂತರ ಉಳಿದ ತಂಡಗಳೂ ಅದೇ ದಾರಿ ಹಿಡಿದವು. 2022ರಿಂದ ಅಮೆರಿಕದ ಎರಡೂ ಲೀಗುಗಳಲ್ಲಿ ಚೆಂಡೆಸೆಯುವ ಪಿಚರ್‌ಗಳ ಬದಲು ಬೇರೆಯವರು ಬ್ಯಾಟ್ ಮಾಡುವ ನಿಯಮ ಜಾರಿಗೆ ಬಂದಮೇಲೆ ಬಂಟ್ ಇನ್ನೂ ವಿರಳವಾಗಿದೆ. ಜಪಾನಿನ ಹೈಸ್ಕೂಲು ಪಂದ್ಯಗಳಲ್ಲಿ ಅದು ಈಗಲೂ ಹೇರಳವಾಗಿ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಬಂಟ್ ಮಾಡಬೇಕೆಂಬ ಸನ್ನೆ ಸಾಮಾನ್ಯವಾಗಿ ಬ್ಯಾಟ್ ಹಿಡಿದವನಿಂದ ಹುಟ್ಟುವುದಿಲ್ಲ. ಮ್ಯಾನೇಜರ್ ಕಡೆಯಿಂದ ಬರುತ್ತದೆ. ಯಾರ ಸರದಿಯನ್ನು ಬಿಟ್ಟುಕೊಡಬಹುದೆಂದು ಮೊದಲೇ ತೀರ್ಮಾನವಾಗಿರುತ್ತದೆ.

ನನ್ನ ತಾಯಿ ಸಂಗೀತದಲ್ಲಿ ವಿದ್ವತ್ ಪರೀಕ್ಷೆಗೆ ಸಿದ್ಧರಾಗುತ್ತಿದ್ದಾಗ ಮದುವೆಯಾಯಿತು. ದೊಡ್ಡ ಕುಟುಂಬ, ವಯಸ್ಸಾದ ಅತ್ತೆ ಮಾವ, ನಾವು ಮಕ್ಕಳು. ಪರೀಕ್ಷೆ ಹಾಗೆಯೇ ಉಳಿಯಿತು. ಮನೆಯಲ್ಲಿ ಎಲ್ಲರೂ ಅದನ್ನು ಮೆಚ್ಚುಗೆಯಿಂದ ನೆನೆಯುತ್ತಾರೆ. ಆದರೆ ಆ ಸರದಿಯನ್ನು ಅವರೇ ಬಿಟ್ಟುಕೊಡಬೇಕೆಂದು ತೀರ್ಮಾನಿಸಿದವರು ಯಾರು, ಅದರಿಂದ ಕುಟುಂಬಕ್ಕೆ ಲಾಭವಾಯಿತೇ ನಷ್ಟವಾಯಿತೇ ಎಂದು ಯಾರೂ ಕೇಳಲಿಲ್ಲ. ನಾಲ್ಕು ಜನ ಕೆಲಸವನ್ನು ಹಂಚಿಕೊಂಡಿದ್ದರೆ ಮನೆಗೆ ಒಬ್ಬ ವಿದುಷಿ ಸಿಗುತ್ತಿದ್ದರು. ಹಿರಿಯರು ಬಯಸುವ ಅಂಕಣ ಖಂಡಿತ ಇರಲಿ, ಆದರೆ ಹೊಗಳಿಕೆಗೆ ಮಾತ್ರವಲ್ಲ, ಮುಂದಿನ ಬಾರಿ ಯಾರಿಗೂ ಆ ಸನ್ನೆ ಮಾಡದಿರಲು ಅದು ನೆರವಾಗಬೇಕು.

ಕುವೆಂಪುನಗರದ ಗೃಹಿಣಿ:

ಮಗಳೇ, ನೀನು ಬರೆದದ್ದನ್ನು ಎರಡು ಸಲ ಓದಿದೆ. ನಿನ್ನ ತಾಯಿಯ ಜಾಗದಲ್ಲಿ ನಾನೂ ಇದ್ದೇನೆ, ಆದರೆ ನನ್ನ ಅನುಭವ ಬೇರೆ. ಮಕ್ಕಳನ್ನು ಬೆಳೆಸಿದ್ದನ್ನು ಬಿಟ್ಟುಕೊಟ್ಟ ಸರದಿ ಎಂದು ಯಾರಾದರೂ ಬರೆದರೆ ನನಗೆ ನೋವಾಗುತ್ತದೆ. ಸಂಜೆ ಹೊತ್ತು ರೇಡಿಯೋ ಹಾಕಿಕೊಂಡು, ಮಕ್ಕಳಿಗೆ ಪಾಠ ಹೇಳುತ್ತಾ, ಹುಳಿಗೆ ಒಗ್ಗರಣೆ ಹಾಕುತ್ತಾ ಕಳೆದ ವರ್ಷಗಳು ನನ್ನ ಸರದಿಯೇ ಆಗಿದ್ದವು.

ಇನ್ನು ಲೆಕ್ಕದ ಮಾತು. ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆಯನ್ನು ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕೆ ಕೊಡುತ್ತಾರೆಂದು ಅದು ತಿಳಿಸಿತು. 2024ರಲ್ಲಿ ಮತ್ತೆ ಎಣಿಸಿದಾಗ ಹೆಂಗಸರದು 289, ಗಂಡಸರದು 88 ಎಂದಾಯಿತು. ಹೆಂಗಸರ ಹೊರೆ ಹತ್ತು ನಿಮಿಷ ಇಳಿದದ್ದು ನಿಜ, ಗಂಡಸರ ಪಾಲೂ ಇಳಿದಿದೆ! ಬರೆದಿಟ್ಟ ಮಾತ್ರಕ್ಕೆ ಪಾತ್ರೆ ತೊಳೆಯಲು ಇನ್ನೊಂದು ಕೈ ಬರುವುದಿಲ್ಲವೆಂದು ಇದರಿಂದ ನನಗೆ ತೋರುತ್ತದೆ. ಮನೆಯಲ್ಲಿ ನನಗೆ ಬೇಕಾಗಿರುವುದು ಹೆಸರಲ್ಲ. ಭಾನುವಾರ ಬೆಳಿಗ್ಗೆ ನಾನು ಕಚೇರಿಗೆ ಹೊರಟರೆ, ಹಿಂದಿರುಗಿ ಬರುವಷ್ಟರಲ್ಲಿ ಅಡುಗೆ ಆಗಿರಬೇಕು, ಅದನ್ನು ನಾನು ಹೇಳಿ ಮಾಡಿಸುವಂತಿರಬಾರದು. ನಮ್ಮ ಮನೆಯವರು ಈಗೀಗ ಅನ್ನ ಸಾರು ಮಾಡಿಡುತ್ತಾರೆ. ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿಗಳಲ್ಲಿ ಈಗ ಮಂಗಳ ಹಾಡುವವರೆಗೂ ಕುಳಿತಿರುತ್ತೇನೆ. ಮೊದಲೆಲ್ಲ ತಾಳವಾದ್ಯದವರ ತನಿ ಆವರ್ತನ ಶುರುವಾಗುವುದರೊಳಗೆ ಏಳಬೇಕಾಗುತ್ತಿತ್ತು.

ಸರಸ್ವತಿಪುರಂ ನಿವಾಸಿ:

ಎಲ್ಲರ ಮಾತುಗಳನ್ನೂ ಪತ್ನಿಗೆ ಓದಿ ಹೇಳಿದೆ. ಅವಳು ಹೇಳಿದ್ದನ್ನು ಇಲ್ಲಿ ಸೇರಿಸುವುದು ನ್ಯಾಯ.

ತಂಬೂರಿಯನ್ನು ಬಂಟ್‌ಗೆ ಹೋಲಿಸುವುದನ್ನು ಅವಳು ಒಪ್ಪುವುದಿಲ್ಲ. ಬಂಟ್ ಮಾಡಿದವನ ಕೆಲಸ ಅಲ್ಲಿಗೆ ಮುಗಿಯಿತು, ಅವನು ಮೈದಾನದಿಂದ ಹೊರಗೆ ಹೋಗಿ ಕೂರುತ್ತಾನೆ. ತಂಬೂರಿ ಮೀಟುವವರು ಕಚೇರಿಯ ಮೊದಲ ಕ್ಷಣಕ್ಕಿಂತ ಮೊದಲೇ ತೊಡಗಿ ಕೊನೆಯವರೆಗೂ ನಾದದೊಳಗೇ ಇರುತ್ತಾರೆ. ಪಂಚಮ, ಸಾರಣಿ, ಅನುಸಾರಣಿ, ಮಂದ್ರ ಎಂಬ ನಾಲ್ಕು ತಂತಿಗಳನ್ನು ಕೂಡಿಸಿ, ತಂತಿಗಳನ್ನು ಹೊರುವ ‘ಕುದುರೆ’ಯೆಂಬ ಪಟ್ಟಿಯ ಮೇಲೆ ಜೀವಾಳಿಯ ದಾರವನ್ನು ಕೂದಲೆಳೆಯಷ್ಟು ಸರಿಸಿ, ನಾದ ತುಂಬಿಕೊಳ್ಳುವ ಜಾಗವನ್ನು ಹುಡುಕುವುದೇ ಒಂದು ಸಾಧನೆ. ಸಭೆಯ ದೀಪಗಳ ಬಿಸಿಗೆ ಶ್ರುತಿ ಇಳಿದರೆ, ಗಾಯಕರ ಗಮನ ಕದಲದಂತೆ ಅದನ್ನು ಸರಿಪಡಿಸಬೇಕು. ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಮೇಲೆ ಅನೇಕ ವೇದಿಕೆಗಳಲ್ಲಿ ತಂಬೂರಿಯವರೇ ಇಲ್ಲ. ಹೆಸರು ಹಾಕದಿರುವುದಕ್ಕಿಂತ ಆ ಸ್ಥಾನವೇ ಖಾಲಿಯಾಗುತ್ತಿರುವುದು ಅವಳಿಗೆ ಹೆಚ್ಚು ದುಃಖದ ವಿಷಯ.

ಹೀಗೆ ಯೋಚಿಸಿದಾಗ ನಮ್ಮ ಮುಂದಿರುವುದು ಎರಡು ಬೇರೆ ಬೇರೆ ಸಂಗತಿಗಳು. ಸೊಲ್ಲು ಕೊಡುವವರು, ತಂಬೂರಿ ಮೀಟುವವರು, ಸಿನಿಮಾದ ಕೋರಸ್‌ನವರು, ಕುವೆಂಪುನಗರದ ಅಮ್ಮನವರು ತಮ್ಮ ಕೆಲಸವನ್ನೇ ಪೂರ್ಣವಾಗಿ ಮಾಡಿದವರು. ಅವರಿಗೆ ಸಲ್ಲಬೇಕಾದದ್ದು ಆ ಕೆಲಸದ ಕರ್ತೃಗಳಾಗಿ ಗೌರವ. ಒಂಟಿಕೊಪ್ಪಲಿನ ಹುಡುಗಿಯ ತಾಯಿಯವರು ತಮ್ಮ ಕೆಲಸವನ್ನು ಬಿಡಬೇಕಾಗಿ ಬಂದವರು; ಅಲ್ಲಿ ಗೌರವವೊಂದೇ ಸಾಲದು, ಕುಟುಂಬ ಉತ್ತರ ಕೊಡಬೇಕು. ಎರಡನ್ನೂ ‘ತ್ಯಾಗಮಯಿ’ ಎಂಬ ಒಂದೇ ಸನ್ಮಾನಪತ್ರದಲ್ಲಿ ಬರೆದು ಮುಗಿಸುವುದನ್ನು ನಾವು ನಿಲ್ಲಿಸಬೇಕೆಂದು ನನ್ನ ಅಭಿಪ್ರಾಯ.

ಮಗಳೇ, ವಿದ್ವತ್ ಪರೀಕ್ಷೆಗೆ ಕಟ್ಟಲು ವಯಸ್ಸು ಅಡ್ಡಿಯಾಗದು. ನಿಮ್ಮ ತಾಯಿಗೆ ಮನಸ್ಸಿದ್ದರೆ ತನ್ನಲ್ಲಿರುವ ಹಳೆಯ ಸ್ವರಲಿಪಿಯ ಪುಸ್ತಕಗಳನ್ನು ಕೊಡುವುದಾಗಿ, ಜೊತೆಯಲ್ಲಿ ಕುಳಿತು ಶ್ರುತಿ ಹಿಡಿಯುವುದಾಗಿ ನನ್ನ ಪತ್ನಿ ಹೇಳುತ್ತಾಳೆ.

ಮಂಡ್ಯದ ಮೇಷ್ಟ್ರು:

ಆ ಎರಡನ್ನು ಬೇರೆ ಮಾಡಿದ್ದು ಸರಿಯಾಯಿತು. ನಮ್ಮೂರಿನ ಹೆಣ್ಣುಮಕ್ಕಳ ವಿಷಯದಲ್ಲಿ ಮೂರನೆಯ ಬಗೆಯೂ ಇದೆ: ಕೆಲಸವನ್ನೂ ಮಾಡಿ, ಸರದಿಯನ್ನೂ ಬಿಟ್ಟವರು. ಗದ್ದೆಯಲ್ಲಿ ದುಡಿದು ಬಂದು, ತಮ್ಮ ಓದನ್ನು ನಿಲ್ಲಿಸಿ, ತಮ್ಮಂದಿರನ್ನು ಓದಿಸಿದ ಅಕ್ಕಂದಿರು ಮಂಡ್ಯದ ಪ್ರತಿ ಹಳ್ಳಿಯಲ್ಲಿದ್ದಾರೆ. ನಾನು ಮೇಷ್ಟ್ರಾದದ್ದು ಅಂಥ ಅಕ್ಕನೊಬ್ಬಳಿಂದ. ಜಮೀನು ಭಾಗವಾದಾಗ ಅವಳ ಪಾಲನ್ನು ಅವಳ ಹೆಸರಿಗೇ ಖಾತೆ ಮಾಡಿಸಿದ್ದೇವೆ. ಅದು ಕಾನೂನಿನಂತೆ ಅವಳದೇ, ನಾವು ಕೊಟ್ಟ ಉಡುಗೊರೆಯಲ್ಲ.

ಆಟದ ವಿಷಯದಲ್ಲಿ ನನ್ನದೊಂದು ಸಂದೇಹ, ವಿದ್ಯಾರ್ಥಿನಿ ಪರಿಹರಿಸಬೇಕು. ಒಬ್ಬ ಬಂಟ್ ಮಾಡಿದ, ಎದುರಾಳಿ ಚೆಂಡನ್ನು ಕೈಚೆಲ್ಲಿದ, ಹಾಗಾಗಿ ಬ್ಯಾಟರ್ ಔಟಾಗಲೇ ಇಲ್ಲ ಎಂದುಕೊಳ್ಳೋಣ. ಅವನಿಗೂ ಆ ಅಂಕಣದಲ್ಲಿ ಗುರುತು ಬೀಳುತ್ತದೆಯೇ? ಮೈದಾನದಲ್ಲಿ ನಡೆದದ್ದನ್ನು ಬರೆಯುತ್ತಾರೋ, ಅವನು ಉದ್ದೇಶಿಸಿದ್ದನ್ನು ಬರೆಯುತ್ತಾರೋ?

ಒಂಟಿಕೊಪ್ಪಲಿನ ವಿದ್ಯಾರ್ಥಿನಿ:

ಸರಸ್ವತಿಪುರಂನ ಅಮ್ಮನವರಿಗೆ ನನ್ನ ನಮಸ್ಕಾರಗಳು. ಅಮ್ಮನಿಗೆ ಹೇಳಿದ್ದೇನೆ, ಪುಸ್ತಕಗಳನ್ನು ನೋಡಲು ಬರುತ್ತಾರಂತೆ, ಪರೀಕ್ಷೆಯ ಮಾತನ್ನು ಇನ್ನೂ ಆಡಿಲ್ಲ. ಗೃಹಿಣಿ ಅಮ್ಮನವರೇ, ತಮ್ಮ ವರ್ಷಗಳನ್ನು ಬಿಟ್ಟುಕೊಟ್ಟ ಸರದಿಯೆಂದು ನಾನು ಎಣಿಸುವುದಿಲ್ಲ; ಹಾಗೆ ಎಣಿಸುವ ಅಧಿಕಾರ ಆ ವರ್ಷಗಳನ್ನು ಬಾಳಿದವರಿಗೆ ಮಾತ್ರ ಇದೆ.

ಮೇಷ್ಟ್ರೇ, ನಿಯಮ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಬಿಡಿಸಿದೆ. ಇಬ್ಬರು ಔಟಾಗುವ ಮೊದಲು ಬಂಟ್ ಮಾಡಿ, ಮುಂದಿದ್ದವನು ಮುಂದಿನ ಬೇಸ್ ತಲುಪಿ, ಕ್ಷೇತ್ರರಕ್ಷಕನ ತಪ್ಪಿನಿಂದ ಬ್ಯಾಟರ್ ಉಳಿದುಕೊಂಡರೂ ಅವನ ಹೆಸರಿಗೆ ಸ್ಯಾಕ್ರಿಫೈಸ್ ಬರೆಯುತ್ತಾರೆ, ತಪ್ಪನ್ನು ಕ್ಷೇತ್ರರಕ್ಷಕನ ಲೆಕ್ಕಕ್ಕೆ ಹಾಕುತ್ತಾರೆ. ಮುಂದೆ ಓಡಿದವನೇ ಔಟಾದರೆ ಆ ಗುರುತು ಸಿಗುವುದಿಲ್ಲ, ಅದು ಬ್ಯಾಟರ್‌ನ ಸರದಿಯಾಗಿಯೇ ಎಣಿಕೆಯಾಗುತ್ತದೆ. ಬ್ಯಾಟರ್ ತಾನೇ ಬೇಸ್ ಗಿಟ್ಟಿಸಬೇಕೆಂಬ ಒಂದೇ ಉದ್ದೇಶದಿಂದ ಬಂಟ್ ಮಾಡಿದನೆಂದು ಅಧಿಕೃತ ಸ್ಕೋರರ್‌ಗೆ ಅನ್ನಿಸಿದರೂ ಹಾಗೆಯೇ. ಯಾವ ಉದ್ದೇಶವೆಂದು ಸಂದೇಹ ಬಂದಲ್ಲಿ ಅದರ ಲಾಭವನ್ನು ಬ್ಯಾಟರ್‌ಗೆ ಕೊಡಬೇಕೆಂದು ನಿಯಮವೇ ಹೇಳುತ್ತದೆ. ಆದ್ದರಿಂದ ತಾವು ಕೇಳಿದ ಎರಡನ್ನೂ ಬರೆಯುತ್ತಾರೆ. ಅದಕ್ಕಾಗಿ ಸ್ಕೋರರ್ ಚೆಂಡನ್ನಷ್ಟೇ ಅಲ್ಲ, ಬ್ಯಾಟ್ ಹಿಡಿದವನು ಅದನ್ನು ಯಾವ ಕ್ಷಣದಲ್ಲಿ ಅಡ್ಡ ಹಿಡಿದ, ಹೊಡೆದ ಮೇಲೆ ಎಷ್ಟು ಬೇಗ ಓಡತೊಡಗಿದ ಎಂಬುದನ್ನೂ ಗಮನಿಸುತ್ತಿರಬೇಕಾಗುತ್ತದೆ.